ದಿನಕ್ಕೊಂದು ಪ್ರಶ್ನೆ: 71 ರಾತ್ರಿ, 64 ಉತ್ತರ

ನೂರು ರಾತ್ರಿ, ನೂರು ಪ್ರಶ್ನೆ, ಎಲ್ಲವೂ ನನ್ನ ಬಗ್ಗೆಯೇ. ಹಾಗಂತ ಶುರು ಮಾಡಿದ್ದು. ಇವತ್ತಿಗೆ 71 ರಾತ್ರಿ ಆಗಿದೆ, ಉತ್ತರ ಮಾತ್ರ 64. ಏಳು ರಾತ್ರಿ ತಪ್ಪಿಸಿಕೊಂಡಿದ್ದೇನೆ. ಅದರಲ್ಲಿ ಮೂರಕ್ಕೆ ನಿದ್ದೆ ಕಾರಣ. ಉಳಿದ ನಾಲ್ಕರ ಕಥೆ ಬೇರೆ, ಕೊನೆಗೆ ಹೇಳುತ್ತೇನೆ.

ಹೊಸದಾಗಿ ಓದುತ್ತಿರುವವರಿಗೆ ವಿಧಾನ ಒಂದು ಸಲ ಹೇಳಿಬಿಡುತ್ತೇನೆ. ಒಂದು ನೋಟ್‌ಬುಕ್. ಎಡಪುಟದಲ್ಲಿ ಪ್ರಶ್ನೆ, ಕೆಳಗೆ ಉತ್ತರ. ಬಲಪುಟ ಖಾಲಿ. ಮೊಬೈಲಿನಲ್ಲಿ ಹತ್ತು ನಿಮಿಷದ ಟೈಮರ್. ಪೆನ್ನಿನಲ್ಲೇ ಬರೆಯಬೇಕು. ತಪ್ಪಾದರೆ ಒಂದೇ ಗೆರೆ ಹೊಡೆಯಬೇಕು, ಅಡಿಯಲ್ಲಿ ಇದ್ದದ್ದು ಓದಲು ಬರಬೇಕು. ಮೂವತ್ತು ದಿನ ಕಳೆದ ಮೇಲೆ ಎಡಪುಟಕ್ಕೆ ಒಂದು ರಟ್ಟು ಮುಚ್ಚಿ, ಅದೇ ಪ್ರಶ್ನೆಗೆ ಬಲಪುಟದಲ್ಲಿ ಮತ್ತೆ ಉತ್ತರ ಬರೆಯಬೇಕು. ಆಮೇಲೆ ರಟ್ಟು ತೆಗೆದು ಎರಡನ್ನೂ ಹೋಲಿಸಬೇಕು. ಇಷ್ಟೇ.

ಮೊದಲ ಕೆಲವು ಪ್ರಶ್ನೆ ಹಳೆಯ ಆಲ್ಬಂಗಳಿಂದ ಎತ್ತಿಕೊಂಡಿದ್ದೆ. ಹತ್ತೊಂಬತ್ತನೇ ಶತಮಾನದಲ್ಲಿ ಯುರೋಪಿನಲ್ಲಿ ಇದೊಂದು ಮನೆಯಾಟವಾಗಿತ್ತು. ಗೆಳೆಯರ ಆಲ್ಬಂನಲ್ಲಿ ನಿಮ್ಮ ಇಷ್ಟದ ಬಣ್ಣ, ಇಷ್ಟದ ಗುಣ, ಸುಖ ಅಂದರೇನು ಅಂತೆಲ್ಲ ತುಂಬಿಸುವುದು. ಫ್ರೆಂಚ್ ಲೇಖಕ ಮಾರ್ಸೆಲ್ ಪ್ರೂಸ್ಟ್ ಹುಡುಗನಾಗಿದ್ದಾಗ, 1880ರ ದಶಕದಲ್ಲಿ, ಗೆಳತಿಯೊಬ್ಬಳ ಆಲ್ಬಂನಲ್ಲಿ ಹೀಗೆ ತುಂಬಿಸಿದ್ದ. ಪ್ರಶ್ನೆ ಅವನದಲ್ಲ, ಉತ್ತರ ಮಾತ್ರ ಅವನದು. ಆದರೂ ಇವತ್ತಿಗೂ ಅದಕ್ಕೆ ಪ್ರೂಸ್ಟ್ ಪ್ರಶ್ನಾವಳಿ ಅಂತಲೇ ಹೆಸರು. ಕಾರ್ಲ್ ಮಾರ್ಕ್ಸ್ ಕೂಡ 1865ರಲ್ಲಿ ಇಂಥದ್ದೇ ಒಂದಕ್ಕೆ ಉತ್ತರ ಕೊಟ್ಟಿದ್ದಾನೆ. ಬಣ್ಣ? ಕೆಂಪು. ಸುಖ? ಹೋರಾಡುವುದು. ಕ್ಷಮಿಸಬಹುದಾದ ದೋಷ? ಸುಲಭವಾಗಿ ನಂಬಿಬಿಡುವುದು. ಇಷ್ಟದ ಕೆಲಸ? ಪುಸ್ತಕದ ಹುಳುವಾಗುವುದು. ಹೆಚ್ಚಿನದನ್ನು ಒಂದೆರಡು ಪದದಲ್ಲಿ ಮುಗಿಸಿದ್ದಾನೆ. ದಪ್ಪ ದಪ್ಪ ಸಂಪುಟ ಬರೆದ ಮನುಷ್ಯ! ಸುಖದ ಪ್ರಶ್ನೆಗೆ ನಾನು ಒಂದೂವರೆ ಪುಟ ಬರೆದಿದ್ದೆ. ಈಗ ಓದಿದರೆ ಅದರಲ್ಲಿ ಒಂದು ಸಾಲೂ ನನ್ನದು ಅನ್ನಿಸುವುದಿಲ್ಲ.

14ನೇ ರಾತ್ರಿ

ಇಲ್ಲಿಂದ ವಿಷಯ ಸ್ವಲ್ಪ ಬಿಸಿಯಾಯಿತು. ಮನಶ್ಶಾಸ್ತ್ರಜ್ಞ ಆರ್ಥರ್ ಆರನ್ ಮತ್ತು ಅವರ ಜೊತೆಗಾರರು 1997ರಲ್ಲಿ ಪ್ರಕಟಿಸಿದ 36 ಪ್ರಶ್ನೆಗಳಿವೆ. ಮೂರು ಕಂತು, ಕಂತಿಗೆ ಹನ್ನೆರಡು. ಇಬ್ಬರು ಅಪರಿಚಿತರು ಎದುರುಬದುರು ಕೂತು 45 ನಿಮಿಷ ಮಾತಾಡಿದರೆ ಅವರ ನಡುವೆ ಆಪ್ತತೆ ಬೆಳೆಯುತ್ತದಾ ಅಂತ ನೋಡಲು ಮಾಡಿದ್ದು. ನಾನು ಅವನ್ನು ಒಬ್ಬಳೇ ಕೂತು ಬರೆದೆ. ಒಬ್ಬರೇ ಚೆಸ್ ಆಡಿದ ಹಾಗೆ. ಗೆದ್ದರೂ ನಾನೇ, ಸೋತರೂ ನಾನೇ.

ಅದರಲ್ಲೊಂದು ಪ್ರಶ್ನೆ: ಫೋನ್ ಮಾಡುವ ಮುಂಚೆ ಏನು ಹೇಳಬೇಕು ಅಂತ ಮನಸ್ಸಿನಲ್ಲೇ ಅಭ್ಯಾಸ ಮಾಡಿಕೊಳ್ಳುತ್ತೀರಾ?

ನನ್ನ ಉತ್ತರ: "ಇಲ್ಲ. ನಂದು ನೇರ ಮಾತು."

ಮಾರನೇ ದಿನ ಬೆಳಗ್ಗೆ ಒಂದು ಆಫೀಸಿಗೆ ಫೋನ್ ಮಾಡಬೇಕಿತ್ತು. ಬಿಲ್ಲು ಎರಡು ಸಲ ಕಟ್ ಆಗಿತ್ತು. ಮೊಬೈಲ್ ಕೈಯಲ್ಲಿ ಹಿಡಿದು ಕಿಟಕಿಯ ಹತ್ತಿರ ನಿಂತೆ. ಗಾಜಿನಲ್ಲಿ ನನ್ನ ಮುಖ ಕಾಣುತ್ತಿತ್ತು. ತುಟಿ ಅಲುಗಾಡುತ್ತಿತ್ತು. "ನಮಸ್ಕಾರ, ನಾನು ಫೋನ್ ಮಾಡಿದ್ದು ಯಾಕೆಂದರೆ..." ಒಂದು ಸಲ ಅಲ್ಲ, ಎರಡು ಸಲ. ಎರಡನೇ ಸಲ "ದಯವಿಟ್ಟು" ಎಲ್ಲಿ ಹಾಕಬೇಕು ಅಂತ ಯೋಚಿಸುತ್ತಿದ್ದೆ. ಫೋನ್ ಎತ್ತಿದವರು ನನ್ನ ತಯಾರಿಯಲ್ಲಿ ಇಲ್ಲದ ಒಂದು ಪ್ರಶ್ನೆ ಕೇಳಿದರು, ನಿಮ್ಮ ಮೊಬೈಲ್ ನಂಬರ್ ಹೇಳಿ ಅಂತ. ನನ್ನದೇ ನಂಬರಿನ ಕೊನೆಯ ಎರಡು ಅಂಕಿ ಅದಲುಬದಲು ಹೇಳಿದೆ.

ಆ ರಾತ್ರಿ "ನಂದು ನೇರ ಮಾತು" ಅನ್ನೋದಕ್ಕೆ ಗೆರೆ ಹೊಡೆದೆ. ಸುಳ್ಳು ಹೇಳಬೇಕು ಅಂತ ಬರೆದದ್ದಲ್ಲ ಅದು. ಬರೆಯುವಾಗ ನಿಜ ಅಂತಲೇ ಅಂದುಕೊಂಡಿದ್ದೆ. ಅದೇ ತಲೆ ತಿಂದದ್ದು.

23 ರಿಂದ 29

ಇದು ಪೂರ್ತಿ ಹಾಳಾದ ವಾರ. ಪ್ರಶ್ನೆಗಳ ಪಟ್ಟಿ ನೋಟ್‌ಬುಕ್‌ನ ಹಿಂದೆ ಅಂಟಿಸಿದ್ದೆ. ಹಾಗಾಗಿ ನಾಳೆಯದು ಏನು ಅಂತ ಮೊದಲೇ ಗೊತ್ತಿರುತ್ತಿತ್ತು. 25ನೇದು: "ಇವತ್ತು ಯಾರಿಗಾದರೂ ಕೇಳದೇ ಸಹಾಯ ಮಾಡಿದ್ರಾ?" ಅವತ್ತು ಪಕ್ಕದ ಮನೆಯವರ ಭಾರದ ಚೀಲವನ್ನು ಮೂರು ಮಹಡಿ ಹತ್ತಿಸಿ ಕೊಟ್ಟೆ. ರಾತ್ರಿ ಅದನ್ನು ಖುಷಿಯಾಗಿ ಬರೆಯಲು ಕೂತೆ. ಅರ್ಧ ಸಾಲು ಬರೆದ ಮೇಲೆ ಹೊಳೆಯಿತು. ಮೆಟ್ಟಿಲು ಹತ್ತುವಾಗಲೇ ನಾನು ಈ ಸಾಲನ್ನು ಮನಸ್ಸಿನಲ್ಲಿ ಬರೆಯುತ್ತಿದ್ದೆ. ಪಾಪ, ಅವರಿಗೆ ಒಳ್ಳೆಯದಾಯಿತು ಬಿಡಿ. ಆದರೆ ಉತ್ತರಕ್ಕೆ ಮೂರು ಕಾಸಿನ ಬೆಲೆ ಇಲ್ಲ.

ಪರಿಹಾರ ಸುಲಭವಾಗಿತ್ತು. ಉಳಿದ ಪ್ರಶ್ನೆಗಳನ್ನೆಲ್ಲ ಕತ್ತರಿಸಿ ಚೀಟಿ ಮಾಡಿ ಒಂದು ಡಬ್ಬಿಗೆ ಹಾಕಿದೆ. ರಾತ್ರಿ ಕಣ್ಣು ಮುಚ್ಚಿ ಒಂದು ತೆಗೆಯುವುದು.

ಈ ರೋಗಕ್ಕೆ ಹಳೆಯ ಪರೀಕ್ಷೆಯೇ ಇದೆ. 1960ರಲ್ಲಿ ಕ್ರೌನ್ ಮತ್ತು ಮಾರ್ಲೋ ಅನ್ನುವ ಇಬ್ಬರು 33 ಹೇಳಿಕೆಗಳ ಒಂದು ಪಟ್ಟಿ ಮಾಡಿದರು. ಸರಿ ಅಥವಾ ತಪ್ಪು ಅಂತ ಗುರುತು ಹಾಕಬೇಕು. "ನನಗೆ ಯಾವತ್ತೂ ಯಾರ ಮೇಲೂ ತೀರಾ ಬೇಸರ ಆಗಿಲ್ಲ" ಅನ್ನುವ ಥರದ ಮಾತುಗಳು. ಅಂಥ ಮನುಷ್ಯ ಇರುವುದು ಕಷ್ಟ. ಎಲ್ಲದಕ್ಕೂ ಅಷ್ಟೇ ಒಳ್ಳೆಯವರಾಗಿ ಉತ್ತರ ಕೊಡುತ್ತಾ ಹೋದರೆ ನೀವು ನಿಮ್ಮನ್ನು ಪಾಲಿಶ್ ಮಾಡಿಕೊಳ್ಳುತ್ತಿದ್ದೀರಿ ಅಂತ ಅರ್ಥ. ಬೇರೆಯವರಿಗೆ ಹೇಳುವಾಗ ಪಾಲಿಶ್ ಮಾಡುವುದು ಸರಿ, ಅರ್ಥವಾಗುತ್ತದೆ. ಆದರೆ ನನ್ನ ನೋಟ್‌ಬುಕ್ಕನ್ನು ಯಾರೂ ನೋಡುವುದಿಲ್ಲ. ಅಲ್ಲೂ ಮುಖ ತೊಳೆದು, ತಲೆ ಬಾಚಿಕೊಂಡೇ ಕೂತಿದ್ದೆನಲ್ಲ!

31ರ ನಂತರ

ಎರಡನೇ ಸುತ್ತು ಶುರುವಾಯಿತು. ಇಲ್ಲಿಯವರೆಗೆ 34 ಪ್ರಶ್ನೆಗೆ ಬಲಪುಟ ತುಂಬಿದೆ. ಹೆಚ್ಚುಕಮ್ಮಿ ಅದೇ ಉತ್ತರ ಬಂದದ್ದು 13. ಅಲ್ಪಸ್ವಲ್ಪ ಬೇರೆ, 12. ಪೂರ್ತಿ ತಿರುಗುಮುರುಗು, 9.

ಹೊಂದಿಕೆಯಾದವು ಯಾವುವು ಗೊತ್ತಾ? ಯಾವ ಮಗ್ಗುಲಿಗೆ ಮಲಗುತ್ತೀರಿ. ಮೊದಲು ಯಾವ ಕಾಲಿಗೆ ಚಪ್ಪಲಿ. ಸಂದೇಶ ಬಂದ ಕೂಡಲೇ ಉತ್ತರ ಕೊಡುತ್ತೀರಾ, ಆಮೇಲಾ. ತಿರುಗುಮುರುಗು ಆದವೆಲ್ಲ ದೊಡ್ಡ ದೊಡ್ಡವೇ. "ನೀವು ಆಶಾವಾದಿಯಾ?" ಎಡಪುಟದಲ್ಲಿ ಹೌದು, ಖಂಡಿತ. ಬಲಪುಟದಲ್ಲಿ ಇಲ್ಲ, ಜೊತೆಗೆ ಮೂರು ಉದಾಹರಣೆ. ಎರಡರ ನಡುವೆ ನನ್ನ ಬದುಕಿನಲ್ಲಿ ಏನೂ ಬದಲಾಗಿರಲಿಲ್ಲ. ಬಲಪುಟ ಬರೆದ ದಿನ ನೆಗಡಿಯಾಗಿತ್ತು, ಅಷ್ಟೇ.

ಆಮೇಲೆ ನಾನು ಪ್ರಶ್ನೆಗಳನ್ನೇ ರಿಪೇರಿ ಮಾಡಲು ಕೂತೆ. ಈ ಇಡೀ ಕೆಲಸದಲ್ಲಿ ನನಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಇದೊಂದೇ. "ನೀವು ಎಂಥವರು" ಅಂತ ಕೇಳುವ ಚೀಟಿಗಳನ್ನೆಲ್ಲ "ಕೊನೆಯ ಸಲ ಯಾವಾಗ" ಅಂತ ತಿದ್ದಿದೆ. ನಿಮಗೆ ಬೇಗ ಸಿಟ್ಟು ಬರುತ್ತಾ ಅನ್ನುವುದು, "ಕೊನೆಯ ಸಲ ಸಿಟ್ಟು ಬಂದಾಗ ಕೈಯಲ್ಲಿ ಏನಿತ್ತು?" ಅಂತ ಆಯಿತು. ಹಳೇ ಪ್ರಶ್ನೆಗೆ ನಾನು "ಅಪರೂಪಕ್ಕೆ" ಅಂತ ಬರೆದಿದ್ದೆ. ಹೊಸದಕ್ಕೆ ಕೈ ತಾನಾಗೇ ಓಡಿತು: "ಬುಧವಾರ ಸಂಜೆ. ಕೈಯಲ್ಲಿ ಗಂಟು ಬಿದ್ದ ಇಯರ್‌ಫೋನ್ ವೈರು. ಬಿಡಿಸಲು ಆಗಲಿಲ್ಲ. ತಂಗಿ ಬಂದು ಟೈಮ್ ಎಷ್ಟು ಅಂದಳು. ಗೋಡೆ ಮೇಲೆ ಗಡಿಯಾರ ಇಲ್ವಾ ಅಂತ ಕೂಗಿದೆ." ಅದರ ಕೆಳಗೆ ಆ ವಾರದ್ದೇ ಇನ್ನೂ ಎರಡು ಬಂದವು. ಮೂರರಲ್ಲೂ ಸಿಟ್ಟು ಒಂದು ವಸ್ತುವಿನ ಮೇಲೆ, ಬೈಗುಳ ಒಬ್ಬ ಮನುಷ್ಯರಿಗೆ. ಇದು ನನಗೆ ಗೊತ್ತೇ ಇರಲಿಲ್ಲ. ಇಷ್ಟು ವರ್ಷದಲ್ಲಿ ಯಾರೂ ಹೇಳಿರಲಿಲ್ಲ, ಅಥವಾ ಹೇಳಿದ್ದರೂ ನಾನು ಕೇಳಿಸಿಕೊಂಡಿರಲಿಲ್ಲ.

ಸಂಖ್ಯೆ ಕೇಳುವ ಪ್ರಶ್ನೆಗಳಲ್ಲೂ ಮೋಸ ಇದೆ. ದಿನಕ್ಕೆ ಎಷ್ಟು ಹೊತ್ತು ಮೊಬೈಲ್? "ಸುಮಾರು ಎರಡು ಗಂಟೆ" ಅಂತ ಬರೆದಿದ್ದೆ. ಮೊಬೈಲನ್ನೇ ಕೇಳಿದರೆ ಆ ವಾರದ ಸರಾಸರಿ 4 ಗಂಟೆ 37 ನಿಮಿಷ. ಜರ್ಮನಿಯಲ್ಲಿ ನಾರ್ಬರ್ಟ್ ಶ್ವಾರ್ಟ್ಸ್ ಮತ್ತು ಜೊತೆಗಾರರು ಟಿವಿ ನೋಡುವುದರ ಬಗ್ಗೆ ಮಾಡಿದ ಒಂದು ಪ್ರಯೋಗ 1985ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಕೊಟ್ಟ ಆಯ್ಕೆಗಳು ಎರಡೂವರೆ ಗಂಟೆಗಿಂತ ಜಾಸ್ತಿ ಅನ್ನುವಲ್ಲಿಗೆ ಮುಗಿಯುತ್ತಿದ್ದವು. ಇನ್ನೊಂದಕ್ಕೆ ಎರಡೂವರೆಯಿಂದಲೇ ಶುರುವಾಗಿ ನಾಲ್ಕೂವರೆ ದಾಟುತ್ತಿದ್ದವು. ಎರಡೂವರೆಗಿಂತ ಜಾಸ್ತಿ ನೋಡುತ್ತೇವೆ ಅಂದವರು ಮೊದಲ ಗುಂಪಿನಲ್ಲಿ ಸುಮಾರು 16 ಪ್ರತಿಶತ, ಎರಡನೆಯದರಲ್ಲಿ 37ಕ್ಕಿಂತ ಜಾಸ್ತಿ. ಜನ ತಮ್ಮ ದಿನವನ್ನು ನೆನಪಿಸಿಕೊಳ್ಳುವ ಬದಲು ಪಟ್ಟಿಯ ನಡುಭಾಗ ಎಲ್ಲಿದೆ ಅಂತ ನೋಡಿ ಅಲ್ಲೇ ಎಲ್ಲೋ ಕೂತುಬಿಡುತ್ತಾರೆ. ನನ್ನ ಮುಂದೆ ಪಟ್ಟಿಯೂ ಇರಲಿಲ್ಲ. ಎರಡು ಗಂಟೆ ಅನ್ನುವುದು ಮರ್ಯಾದಸ್ಥರು ಹೇಳುವ ಸಂಖ್ಯೆ ಅಂತ ನಾನೇ ಅಂದುಕೊಂಡಿದ್ದೆ.

ಈಗ

ಅಭ್ಯಾಸ ಆಗಿದೆಯಾ? ಇಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ 96 ಜನರ ಮೇಲೆ ನಡೆದ ಅಧ್ಯಯನದಲ್ಲಿ ಒಂದು ಹೊಸ ಕೆಲಸ ತಾನಾಗೇ ಆಗುವಂತಾಗಲು ಸರಾಸರಿ 66 ದಿನ ಬೇಕಾಯಿತು, ಒಬ್ಬೊಬ್ಬರಿಗೆ 18 ರಿಂದ 254ರವರೆಗೆ. ನಾನು 66 ದಾಟಿ ಐದು ದಿನ ಆಯಿತು. ಇನ್ನೂ ಅಲಾರಂ ಹೊಡೆದರೇನೇ ನೆನಪು. 254ರ ಕಡೆಯವಳು ಇರಬೇಕು. ಒಂದು ಸಮಾಧಾನ ಅಂದರೆ, ನಡುವೆ ಒಂದು ದಿನ ತಪ್ಪಿದರೆ ಅಂಥ ನಷ್ಟವೇನೂ ಇಲ್ಲ ಅಂತ ಅದೇ ಅಧ್ಯಯನ ಹೇಳುತ್ತದೆ.

ಆದರೆ ನಾನು ತಪ್ಪಿಸಿದ ಆ ನಾಲ್ಕು ರಾತ್ರಿ ಬೇರೆ ಥರದವು. ನಾಲ್ಕೂ ಸಲ ಡಬ್ಬಿಯಿಂದ ಬಂದದ್ದು ಒಂದೇ ಚೀಟಿ: "ನೀವು ಕ್ಷಮೆ ಕೇಳಬೇಕಾದವರು ಯಾರು?" ಮೊದಲ ಸಲ ತಲೆನೋವು ಅಂದುಕೊಂಡು ಮಡಚಿ ವಾಪಸ್ ಹಾಕಿದೆ. ಎರಡನೇ ಸಲ ಕಾರಣ ಹುಡುಕಲಿಲ್ಲ, ಸುಮ್ನೆ ಹಾಕಿದೆ. ಹಾಗೆ ನಾಲ್ಕು ಸಲ. ಅಷ್ಟು ಮಡಚಿ ಮಡಚಿ ಅದರ ಒಂದು ಮೂಲೆ ಹರಿಯಿತು. ಅದಾದ ಮೇಲೆ ಒಂದು ರಾತ್ರಿಯೂ ತಪ್ಪಿಲ್ಲ ಅಂತ ಹೆಮ್ಮೆಯಲ್ಲಿದ್ದೆ. ನಿನ್ನೆ ಕಾರಣ ಗೊತ್ತಾಯಿತು. ಕಣ್ಣು ಮುಚ್ಚಿ ಕೈ ಹಾಕಿದಾಗ ಬೆರಳಿಗೆ ಆ ಹರಿದ ಮೂಲೆ ತಾಗುತ್ತದೆ. ಬೆರಳು ಅದನ್ನು ಬಿಟ್ಟು ಪಕ್ಕದ್ದನ್ನು ಎತ್ತುತ್ತದೆ.

ಇವತ್ತು ಮಧ್ಯಾಹ್ನ ಆ ಪ್ರಶ್ನೆಯನ್ನು ಹೊಸ ಕಾಗದದಲ್ಲಿ ಬರೆದು, ಉಳಿದವುಗಳ ಅಳತೆಗೇ ಕತ್ತರಿಸಿ, ಅವುಗಳ ಹಾಗೆಯೇ ಎರಡು ಮಡಿಕೆ ಮಾಡಿ ಡಬ್ಬಿಗೆ ಹಾಕಿದ್ದೇನೆ. ಚೆನ್ನಾಗಿ ಅಲ್ಲಾಡಿಸಿದ್ದೇನೆ. ಒಳಗೆ 36 ಇವೆ. ಮುಟ್ಟಿ ನೋಡಿದೆ, ಯಾವುದು ಅಂತ ಗೊತ್ತಾಗುತ್ತಿಲ್ಲ.