ಪಂಟ್ ಹೊಡೆಸುವ ಕೋಚ್ ಪರವಾಗಿ ನಾಲ್ಕು ಮಾತು

ಅಕ್ಕನ ಮಗ ಷಿಕಾಗೋದಲ್ಲಿದ್ದಾನೆ, ನಾನು ಕೊಡಗಿನ ಅಮ್ಮತ್ತಿಯಲ್ಲಿ. ಅಮೆರಿಕನ್ ಫುಟ್‌ಬಾಲ್ ಹುಚ್ಚು ಹಿಡಿಸಿದವನು ಅವನೇ. ಆದರೆ ನಾಲ್ಕನೇ ಡೌನ್ ಬಂತೆಂದರೆ ಇಬ್ಬರಿಗೂ ಜಗಳ. 'ಎರಡೇ ಗಜ ಮಾವ, ಆಡಿಬಿಡಬೇಕು' ಅಂತ ಅವನು. 'ಸುಮ್ನೆ ಒದ್ದು ಕಳಿಸಲಿ' ಅಂತ ನಾನು.

ಗೊತ್ತಿಲ್ಲದವರಿಗೆ ಇಷ್ಟು ಸಾಕು: 10 ಗಜ ಮುಂದೆ ಹೋಗಲು 4 ಅವಕಾಶ, ಒಂದೊಂದು ಅವಕಾಶವೂ ಒಂದು ಡೌನ್. ನಾಲ್ಕನೆಯದೂ ಕೈಕೊಟ್ಟರೆ ಚೆಂಡು ಅಲ್ಲೇ ಎದುರಾಳಿಯ ಪಾಲು. ಅದಕ್ಕೇ ಹೆಚ್ಚಿನವರು ಮೊದಲೇ 40 ಗಜ ಆಚೆಗೆ ಒದ್ದುಬಿಡುತ್ತಾರೆ. ಅದೇ ಪಂಟ್. ಆಮೇಲೆ ಎದುರಾಳಿಯನ್ನು ತಡೆಯುವ ಕೆಲಸ ಡಿಫೆನ್ಸ್‌ನದು, ಅದು ಬೇರೆಯೇ ಹುಡುಗರ ಗುಂಪು.

ನಾನು ಕೊಡವ ಕುಟುಂಬಗಳ ನಡುವಿನ ಕೌಟುಂಬಿಕ ಹಾಕಿಯಲ್ಲಿ ಬ್ಯಾಕ್, ಅಂದರೆ ಗೋಲು ಕಾಯುವ ಸಾಲಿನಲ್ಲಿ ಆಡುತ್ತಿದ್ದವನು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರು ಮಾಡಿದ ಹಬ್ಬ ಅದು. ನೋಡಲು ಬಂದವರಿಗೆಲ್ಲ ಗೋಲೇ ಬೇಕು. ಫಾರ್ವರ್ಡ್ ಮಹಾಶಯ ನಮ್ಮದೇ ಗೋಲಿನ ಮುಂದಿನ ಡಿ ಹತ್ತಿರ ಡ್ರಿಬಲ್ ಮಾಡಲು ಹೋಗಿ ಚೆಂಡು ಕಳೆದುಕೊಂಡರೆ, ಸೊಂಟದ ಮೇಲೆ ಕೈ ಇಟ್ಟು ನಿಂತುಬಿಡುತ್ತಾನೆ. ಓಡಬೇಕಾದವನು ನಾನು. ಹಿಂದೆ ಗೋಲಿ ಕಿರುಚುತ್ತಿರುತ್ತಾನೆ, ಎದುರಿನಿಂದ ಇಬ್ಬರು ನುಗ್ಗುತ್ತಿರುತ್ತಾರೆ. ಯಾರನ್ನು ತಡೆಯಲಿ? ಹಾಗಾಗಿ ಡಿಫೆನ್ಸ್‌ಗೆ ಓಡಲು ಜಾಗ ಬಿಟ್ಟುಕೊಡುವ ಕೋಚ್ ಕಂಡರೆ ನನಗೆ ಒಲವು ಜಾಸ್ತಿ.

ಡಿಫೆನ್ಸ್ ಸುಧಾರಿಸಿದ ಮೇಲೆ ಕೋಚ್‌ನ ಲೆಕ್ಕವೂ ಬದಲಾಗಬೇಕು ಅಲ್ವಾ? 2000ದ ಬಾಲ್ಟಿಮೋರ್ ರೇವನ್ಸ್ ತಂಡ ನೋಡಿ. ಅಕ್ಟೋಬರ್‌ನ 5 ಪಂದ್ಯಗಳಲ್ಲಿ ಒಂದೂ ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಗೆರೆ ದಾಟಿಸಿದರೆ 6 ಪಾಯಿಂಟ್) ಇಲ್ಲ. ಆದರೂ ಅದರಲ್ಲಿ 2 ಗೆದ್ದರು, ಬರೀ ಫೀಲ್ಡ್ ಗೋಲ್ (ಕಂಬಗಳ ನಡುವೆ ಒದ್ದರೆ 3 ಪಾಯಿಂಟ್) ಒದ್ದುಕೊಂಡು! 16 ಪಂದ್ಯಗಳಲ್ಲಿ ಬಿಟ್ಟುಕೊಟ್ಟದ್ದು ಒಟ್ಟು 165 ಪಾಯಿಂಟ್. ಕೊನೆಗೆ ಸೂಪರ್ ಬೌಲ್ ಫೈನಲ್‌ನಲ್ಲಿ ಜೈಂಟ್ಸ್ ವಿರುದ್ಧ 34-7ರ ಗೆಲುವು. ಇಂಥ ಹುಡುಗರು ಹಿಂದೆ ನಿಂತಿರುವಾಗ ಕೋಚ್ ಯಾಕೆ ಜೂಜಾಡಬೇಕು?

ಇನ್ನೊಂದು ಕಡೆ 2009ರ ನವೆಂಬರ್. ಕೋಲ್ಟ್ಸ್ ವಿರುದ್ಧ ಪೇಟ್ರಿಯಟ್ಸ್ 34-28ರಿಂದ ಮುಂದಿದೆ, ಉಳಿದದ್ದು 2 ನಿಮಿಷ ಚಿಲ್ಲರೆ. ತಮ್ಮದೇ 28 ಗಜದ ಗೆರೆಯಲ್ಲಿ, ಅಂದರೆ ತಾವು ಕಾಯುವ ಕೊನೆಗೆರೆಯಿಂದ 28 ಗಜದಲ್ಲಿ, ನಾಲ್ಕನೇ ಡೌನ್. ಕೋಚ್ ಬಿಲ್ ಬೆಲಿಚಿಕ್ ಒದೆಸಲಿಲ್ಲ, ಆಡಿಸಿದರು. ಕೈಕೊಟ್ಟಿತು. ಕೋಲ್ಟ್ಸ್‌ನ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು) ಪೇಟನ್ ಮ್ಯಾನಿಂಗ್‌ಗೆ ಅಷ್ಟು ಹತ್ತಿರ ಚೆಂಡು ಸಿಕ್ಕರೆ ಕೇಳಬೇಕಾ, ಕೋಲ್ಟ್ಸ್ 35-34. ಅಂಕಿಅಂಶದವರು ಬೆಲಿಚಿಕ್ ಮಾಡಿದ್ದೇ ಸರಿ ಅಂತ ವಾದಿಸಿದರು, ನಮ್ಮ ಹುಡುಗನೂ ಅದನ್ನೇ ಹಾಡುತ್ತಾನೆ. ಇರಬಹುದು. ಆದರೆ ಬೆಂಚ್ ಮೇಲೆ ಕೂತ ಡಿಫೆನ್ಸ್ ಹುಡುಗರಿಗೆ 'ನಿಮ್ಮ ಮೇಲೆ ನಂಬಿಕೆ ಇಲ್ಲ' ಅಂತ ಕೇಳಿಸಿರುತ್ತೆ. ಬ್ಯಾಕ್ ಆಡಿದವನಿಗೆ ಅದು ಗೊತ್ತು.

ಹಾಗಂತ ಹಿಂದೇಟು ಹಾಕಿದ್ದೆಲ್ಲ ನಂಬಿಕೆ ಅಲ್ಲ. 2021ರ ಜನವರಿಯಲ್ಲಿ, ಇಲ್ಲಿ ರೋಬಸ್ಟಾ ಕೊಯ್ಲಿನ ಹೊತ್ತು, ಬೆಳಗಿನ ಜಾವ ಕಂಬಳಿ ಹೊದ್ದು ಮೊಬೈಲ್‌ನಲ್ಲಿ ನೋಡಿದ್ದು. ಟ್ಯಾಂಪಾ ಬೇ ವಿರುದ್ಧ ಗ್ರೀನ್ ಬೇ 31-23ರಿಂದ ಹಿಂದಿದೆ. ಟಚ್‌ಡೌನ್‌ಗೆ 8 ಗಜ, ನಾಲ್ಕನೇ ಡೌನ್, 2 ನಿಮಿಷ ಚಿಲ್ಲರೆ ಬಾಕಿ. ಗ್ರೀನ್ ಬೇ ಕೋಚ್ ಮ್ಯಾಟ್ ಲಾಫ್ಲೂರ್ ಫೀಲ್ಡ್ ಗೋಲ್ ಒದೆಸಿದರು. 3 ಪಾಯಿಂಟ್ ಬಂತು, 31-26 ಆಯಿತು. ಬಂದು ಏನು ಪ್ರಯೋಜನ? ಗೆಲ್ಲಲು ಆಮೇಲೂ ಟಚ್‌ಡೌನ್ ಬೇಕೇ ಬೇಕಿತ್ತು. ಅದಕ್ಕೆ ಮೊದಲು ಡಿಫೆನ್ಸ್ ಟ್ಯಾಂಪಾ ಬೇ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ ಕೈಯಿಂದ ಚೆಂಡು ಬಿಡಿಸಿಕೊಳ್ಳಬೇಕಿತ್ತು. ಬ್ರೇಡಿ ಕೊಡಲೇ ಇಲ್ಲ. ಮುನ್ನಡೆ ಕಾಯಿರಿ ಅಂತ ಡಿಫೆನ್ಸ್‌ಗೆ ಹೇಳಬಹುದು, ಇಲ್ಲದ ಮುನ್ನಡೆಯನ್ನು ಅವರು ಎಲ್ಲಿಂದ ಕಾಯಬೇಕು? ಆ ಒಂದು ಡೌನ್ ಮಟ್ಟಿಗೆ ನನ್ನ ಓಟು ಹುಡುಗನಿಗೇ.