ಕಥೆ ಮುಗಿದರೂ ಆಟ ಯಾಕೆ ಮುಗಿಯಲ್ಲ: ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಸ್ಟಾರ್ ವಾರ್ಸ್ ಸಿನಿಮಾಗಳನ್ನು ಲೆಗೊ ಗೊಂಬೆಗಳಲ್ಲಿ ಆಡಿಸುವ ವಿಡಿಯೋ ಗೇಮ್ ಬಗ್ಗೆ ಪ್ರಶ್ನೆ ಹೀಗೆ ಬರುತ್ತದೆ. "ಮಕ್ಕಳ ಜೊತೆ ಲೆಗೊ ಸ್ಟಾರ್ ವಾರ್ಸ್ ಆಡ್ತಾ ಇದ್ದೀವಿ. ಅಲ್ಲೊಂದು ಬೆಳ್ಳಿ ಥರ ಹೊಳೆಯೋ ಗೋಡೆ ಇದೆ, ಎಷ್ಟು ಬಾರಿಸಿದ್ರೂ ಒಡೀತಾ ಇಲ್ಲ. ಗೇಮ್ ಹಾಳಾಗಿದೆಯಾ?" ಸ್ವಲ್ಪ ದಿನ ಬಿಟ್ಟು ಅದೇ ಜನ ಮತ್ತೆ ಬರುತ್ತಾರೆ. "ಕಥೆ ಪೂರ್ತಿ ಮುಗಿಸಿದ್ವಿ. ಆದ್ರೂ ನೂರು ಪರ್ಸೆಂಟ್ ತೋರಿಸ್ತಿಲ್ಲ. ಗೇಮ್ ಹಾಳಾಗಿದೆಯಾ?"

ಹಾಳಾಗಿಲ್ಲ. ಎರಡು ಸಲ ಕೇಳಿದರೂ ಇದು ಒಂದೇ ಪ್ರಶ್ನೆ, ಉತ್ತರವೂ ಒಂದೇ. ಆ ಗೋಡೆ ಇರುವುದು ನೀವು ಇವತ್ತು ಒಡೆಯಲಿ ಅಂತ ಅಲ್ಲ. ಮುಂದೆ ಇನ್ಯಾವುದೋ ಪಾತ್ರ ಕೈಗೆ ಬಂದ ಮೇಲೆ ವಾಪಸ್ ಬಂದು ಒಡೆಯಲಿ ಅಂತ. ಇಷ್ಟು ಹೇಳಿದರೆ ಸಾಕು ಅಂದುಕೊಳ್ಳುತ್ತೇನೆ, ಸಾಕಾಗುವುದಿಲ್ಲ. "ಮಕ್ಕಳ ಆಟ ತಾನೇ, ಇಷ್ಟೆಲ್ಲ ಯಾಕೆ?" ಅನ್ನೋ ಮಾತು ಬಂದೇ ಬರುತ್ತದೆ. ಅದಕ್ಕೇ ಬರೆದು ಇಡುತ್ತಿದ್ದೇನೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಉದಾಹರಣೆಗೆ 2007ರ ಲೆಗೊ ಸ್ಟಾರ್ ವಾರ್ಸ್: ದ ಕಂಪ್ಲೀಟ್ ಸಾಗಾ ತಗೊಳ್ಳುತ್ತೇನೆ. ಜನ ಹೆಚ್ಚಾಗಿ ಸಿಕ್ಕಿಹಾಕಿಕೊಳ್ಳುವುದು ಅದರಲ್ಲೇ. ಟ್ರಾವೆಲರ್ಸ್ ಟೇಲ್ಸ್ ಅನ್ನುವ ಸಂಸ್ಥೆ 2005ರಲ್ಲಿ ಮೊದಲ ಮೂರು ಎಪಿಸೋಡುಗಳನ್ನು ಒಂದು ಆಟ ಮಾಡಿತು, 2006ರಲ್ಲಿ ಹಳೆಯ ಮೂರು ಸಿನಿಮಾಗಳನ್ನು (ಎಪಿಸೋಡ್ 4ರಿಂದ 6) ಇನ್ನೊಂದು. ಎರಡನ್ನೂ ಸೇರಿಸಿದ್ದು ಈ ಕಂಪ್ಲೀಟ್ ಸಾಗಾ. ಎಪಿಸೋಡಿಗೆ 6ರಂತೆ ಒಟ್ಟು 36 ಅಧ್ಯಾಯ. ಪ್ರತಿ ಅಧ್ಯಾಯಕ್ಕೂ ಮೂರು ಗೋಲ್ಡ್ ಬ್ರಿಕ್ (ಬಹುಮಾನದ ಇಟ್ಟಿಗೆ): ಮುಗಿಸಿದ್ದಕ್ಕೆ ಒಂದು, ಮೇಲೆ ಕಾಣುವ ಪಟ್ಟಿ ತುಂಬುವಷ್ಟು ಸ್ಟಡ್ (ಆಟದ ನಾಣ್ಯ) ಆರಿಸಿ ಟ್ರೂ ಜೆಡೈ ಆದದ್ದಕ್ಕೆ ಒಂದು, ಬಚ್ಚಿಟ್ಟ 10 ಮಿನಿಕಿಟ್ (ಪುಟ್ಟ ಮಾದರಿಯ ತುಂಡು) ಹುಡುಕಿದ್ದಕ್ಕೆ ಒಂದು. ಅಲ್ಲಿಗೆ 108. ಒಟ್ಟು ಇರುವುದು 160. ಉಳಿದವು ಜಬ್ಬಾ ಎಂಬ ಪಾತಕಿ ದೊರೆಯ ಪರವಾಗಿ ತಲೆಮರೆಸಿಕೊಂಡವರನ್ನು ಹಿಡಿಯುವ ಬೌಂಟಿ ಹಂಟರ್ ಮಿಷನ್, ಇಡೀ ಎಪಿಸೋಡನ್ನು 1 ಗಂಟೆಯೊಳಗೆ ಓಡಿಸುವ ಸೂಪರ್ ಸ್ಟೋರಿ, ಬೋನಸ್ ಹಂತಗಳು, ಅಂಗಡಿಯಲ್ಲಿ ಕೊಳ್ಳುವವು ಹೀಗೆ ಚದುರಿವೆ. ಕಥೆ ಮುಗಿಸಿದ್ದಕ್ಕೆ ನಿಮಗೆ ಖಾತ್ರಿಯಾಗಿ ಸಿಕ್ಕಿದ್ದು 36. ನೂರು ಪರ್ಸೆಂಟ್ ಎಲ್ಲಿಂದ ಬರಬೇಕು?

ಈಗ ಆ ಗೋಡೆ. ಈ ಆಟದಲ್ಲಿ ಬಣ್ಣ ಅಲಂಕಾರಕ್ಕಲ್ಲ, ಯಾರ ಕೆಲಸ ಅನ್ನುವುದನ್ನು ಅದೇ ಹೇಳುತ್ತದೆ. ಮಾಮೂಲಿ ಬೂದು ಇಟ್ಟಿಗೆ ಯಾರು ಹೊಡೆದರೂ ಒಡೆಯುತ್ತದೆ. ಪಾಲಿಶ್ ಹಾಕಿದ ಸ್ಟೀಲ್ ಥರ ಬೆಳಕು ಹೊಡೆಯುವ ಬೆಳ್ಳಿ ಇಟ್ಟಿಗೆಗೆ ಬೆಳಕಿನ ಕತ್ತಿಯಾದ ಲೈಟ್‌ಸೇಬರ್ರೂ ತಾಗುವುದಿಲ್ಲ, ಬ್ಲಾಸ್ಟರ್ ಬಂದೂಕೂ ತಾಗುವುದಿಲ್ಲ. ಸ್ಫೋಟಕವೇ ಬೇಕು. ಸ್ಫೋಟಕ ಇರುವುದು ಬೌಂಟಿ ಹಂಟರ್‌ಗಳ ಹತ್ತಿರ. ಪ್ಲೇಸ್ಟೇಶನ್ನಿನಲ್ಲಿ ಸರ್ಕಲ್, ಎಕ್ಸ್‌ಬಾಕ್ಸ್‌ನಲ್ಲಿ ಬಿ ಗುಂಡಿ ಒತ್ತಿದರೆ ಥರ್ಮಲ್ ಡೆಟೊನೇಟರ್ ಎಸೆಯುತ್ತಾರೆ. ಎಸೆದ ತಕ್ಷಣ ಸಿಡಿಯುವುದಿಲ್ಲ, ಒಂದೆರಡು ಕ್ಷಣ ತಡೆದು ಸಿಡಿಯುತ್ತದೆ. "ಎಸೆದೆ, ಏನೂ ಆಗಲಿಲ್ಲ" ಅನ್ನುವವರಲ್ಲಿ ಅರ್ಧ ಜನ ಅಷ್ಟು ಹೊತ್ತೂ ಕಾಯದೆ ಬೇರೆ ಪಾತ್ರಕ್ಕೆ ಜಿಗಿದವರು.

ಹೀಗೇ ಉಳಿದದ್ದೂ. ಮಿಣಮಿಣ ಅನ್ನುವ ವಸ್ತುವನ್ನು ಯಾವ ಜೆಡೈ (ಒಳ್ಳೆಯ ಪಕ್ಷದ ಯೋಧ) ಆದರೂ ಕಾಣದ ಶಕ್ತಿಯಾದ ಫೋರ್ಸ್‌ನಿಂದ ಎತ್ತಬಹುದು. ಆ ಮಿನುಗು ಕೆಂಪಾಗಿದ್ದರೆ ಸಿತ್, ಅಂದರೆ ಕೆಟ್ಟ ಪಕ್ಷದ ಯೋಧನ ಪಾತ್ರವೇ ಬೇಕು, ಒಳ್ಳೆಯ ಜೆಡೈ ಅಲ್ಲಿ ಕೈ ಚಾಚಿ ನಿಂತರೆ ಏನೂ ನಡೆಯದು. ನೆಲದಲ್ಲಿ ಕೆಂಪು ವೃತ್ತ ಕಂಡರೆ ಬ್ಲಾಸ್ಟರ್ ಇರುವವರು ಅದರ ಮೇಲೆ ನಿಂತು ಹಗ್ಗ ಹಾರಿಸಿ ಮೇಲೇರಬೇಕು. ಗೋಡೆಯಲ್ಲಿ ಸಣ್ಣ ಕಿಂಡಿ ಇದ್ದರೆ ಪುಟ್ಟ ಅನಾಕಿನ್, ಜಾವಾ, ಇವೋಕ್ ಥರದ ಗಿಡ್ಡ ಪಾತ್ರ. ಎತ್ತರದ ಕಟ್ಟೆಗೆ ಜಾರ್ ಜಾರ್ ಅಥವಾ ಜನರಲ್ ಗ್ರೀವಸ್. ಬಾಗಿಲ ಪಕ್ಕದ ಫಲಕದಲ್ಲಿ ಯಾರ ಮುಖ ಇದೆಯೋ ಅವರಿಗಷ್ಟೇ ಬಾಗಿಲು ತೆರೆಯುತ್ತದೆ: ಆರ್2-ಡಿ2 ಥರದ್ದು, ಸಿ-3ಪಿಒ ಥರದ್ದು (ಎರಡೂ ರೋಬೋಟ್), ಸ್ಟಾರ್ಮ್‌ಟ್ರೂಪರ್, ಬೌಂಟಿ ಹಂಟರ್. ಕೆಲವು ಕಡೆ ಲಿವರ್ ಇರುವ ಹೆಲ್ಮೆಟ್ ಯಂತ್ರ ಸಿಗುತ್ತದೆ. ಎಳೆದರೆ ಸ್ಟಾರ್ಮ್‌ಟ್ರೂಪರ್ ಅಥವಾ ಬೌಂಟಿ ಹಂಟರ್ ಹೆಲ್ಮೆಟ್ ತಲೆಗೆ ಬಂದು ಕೂರುತ್ತದೆ, ಫಲಕ ಅದನ್ನು ನೋಡಿ ಮೋಸ ಹೋಗುತ್ತದೆ. ಹತ್ತಿರದಲ್ಲಿ ಅಂಥ ಯಂತ್ರ ಇದ್ದರೆ ಆ ಬಾಗಿಲು ಈಗಲೇ ತೆರೆಯಬೇಕಾದದ್ದು. ಇಲ್ಲದಿದ್ದರೆ ಬಿಟ್ಟು ಮುಂದೆ ನಡೆಯಿರಿ.

ಬಿಟ್ಟು ನಡೆಯುವುದು, ಅದೇ ಯಾರಿಗೂ ಬೇಡ. ಮೊದಲ ಸಲದ ಆಟ ಸ್ಟೋರಿ ಮೋಡ್. ಅದರಲ್ಲಿ ಆ ದೃಶ್ಯದಲ್ಲಿ ಸಿನಿಮಾದಲ್ಲಿದ್ದವರಷ್ಟೇ ನಿಮ್ಮ ಜೊತೆ ಇರುತ್ತಾರೆ. ಅವರಿಂದ ಆಗದ್ದು ನಿಮ್ಮಿಂದ ಆಗುವುದಿಲ್ಲ, ಮುಗಿಯಿತು. ಅಧ್ಯಾಯ ಒಮ್ಮೆ ಮುಗಿದ ಮೇಲೆ ಫ್ರೀ ಪ್ಲೇ ತೆರೆಯುತ್ತದೆ. ನೀವು ಒಬ್ಬರನ್ನು ಆರಿಸಿದರೆ ನಿಮ್ಮಲ್ಲಿರುವ ಪಾತ್ರಗಳಿಂದ ಬೇಕಾದ ವಿದ್ಯೆಯವರನ್ನು ಆಟವೇ ಹೆಕ್ಕಿ ತಂಡ ಕಟ್ಟುತ್ತದೆ, ಎಲ್1-ಆರ್1 ಒತ್ತಿ ಬದಲಾಯಿಸುತ್ತಾ ಹೋಗಬಹುದು. "ನಿಮ್ಮಲ್ಲಿರುವ" ಅನ್ನುವುದನ್ನು ಮತ್ತೊಮ್ಮೆ ಓದಿ. ಎಪಿಸೋಡ್ 1 ಮುಗಿಸಿ ಆಸೆಯಿಂದ ಅದರ ಫ್ರೀ ಪ್ಲೇಗೆ ಹೋದರೆ ತಂಡದಲ್ಲಿ ಬೌಂಟಿ ಹಂಟರೂ ಇರುವುದಿಲ್ಲ, ಸಿತ್ತೂ ಇರುವುದಿಲ್ಲ. ಇಲ್ಲದವರನ್ನು ಆಟ ಎಲ್ಲಿಂದ ತರಬೇಕು?

ಮೂಲ ವಿದ್ಯೆಗಳಿಗಾಗಿ ಯಾರನ್ನೂ ದುಡ್ಡು ಕೊಟ್ಟು ಕೊಳ್ಳಬೇಕಿಲ್ಲ, ಕಥೆಯೇ ಎಲ್ಲರನ್ನೂ ತಂದುಕೊಡುತ್ತದೆ. ಜಾರ್ ಜಾರ್, ಪುಟ್ಟ ಅನಾಕಿನ್ ಎಪಿಸೋಡ್ 1ರಲ್ಲೇ ಬರುತ್ತಾರೆ. ಸ್ಟಾರ್ಮ್‌ಟ್ರೂಪರ್ ವೇಷದ ಲ್ಯೂಕ್ ಮತ್ತು ಹಾನ್ ಎಪಿಸೋಡ್ 4ರಲ್ಲಿ ರಾಜಕುಮಾರಿಯನ್ನು ಬಿಡಿಸಲು ಹೋಗುವಾಗ. ಬೌಂಟಿ ಹಂಟರ್ ಬೇಕಾ? ಎಪಿಸೋಡ್ 6ರ ಮೊದಲ ಅಧ್ಯಾಯದಲ್ಲಿ ಲೀಯಾ ಬೂಶ್ ಎಂಬ ಬೌಂಟಿ ಹಂಟರ್ ವೇಷದಲ್ಲಿ ಜಬ್ಬಾನ ಅರಮನೆಗೆ ನುಗ್ಗುತ್ತಾಳಲ್ಲ, ಡೆಟೊನೇಟರ್ ಅವಳ ಹತ್ತಿರವೂ ಇದೆ. ಸಿತ್ ಬೇಕಾ? ಅದೇ ಎಪಿಸೋಡಿನ ಜೆಡೈ ಡೆಸ್ಟಿನಿ ಅಧ್ಯಾಯದಲ್ಲಿ ಚಕ್ರವರ್ತಿಯ ವಿರುದ್ಧ ಲ್ಯೂಕ್ ಜೊತೆ ನಿಲ್ಲುವವನು ಡಾರ್ತ್ ವೇಡರ್. ಹೆಚ್ಚು ಜನ ಕೇಳುವ ಎರಡೂ ಬೀಗದ ಕೀಲಿ ಕೊನೆಯ ಎಪಿಸೋಡಿನಲ್ಲಿದೆ. ಆದ್ದರಿಂದ ಆರೂ ಎಪಿಸೋಡಿನ ಕಥೆ ಮೊದಲು ಮುಗಿಸಿ, ದಾರಿಯಲ್ಲಿ ಯಾವ ಗೋಡೆಯ ಮುಂದೆಯೂ ತಲೆ ಕೆಡಿಸಿಕೊಳ್ಳಬೇಡಿ, ಆಮೇಲೆ ಎಪಿಸೋಡ್ 1ರಿಂದ ಫ್ರೀ ಪ್ಲೇ ಶುರು ಮಾಡಿ. ನಡುವೆ ನಡುವೆ ಹಿಂದೆ ಹೋದವರು ಅದೇ ಅಧ್ಯಾಯವನ್ನು ಮೂರು ಮೂರು ಸಲ ಆಡಿ, ಬೇಜಾರಾಗಿ ಬಿಟ್ಟುಬಿಡುತ್ತಾರೆ. ಮತ್ತೆ ಬೈಗುಳ ಆಟಕ್ಕೆ.

ಇನ್ನು ಸ್ಟಡ್. ಬೆಳ್ಳಿಯದಕ್ಕೆ 10, ಚಿನ್ನದ್ದಕ್ಕೆ 100, ನೀಲಿಗೆ 1,000, ನೇರಳೆಗೆ 10,000. ಕೈಗೆ ಬಂದ ಸ್ಟಡ್ಡನ್ನೆಲ್ಲ ಕ್ಯಾಂಟೀನಾದ (ಅಧ್ಯಾಯಗಳ ನಡುವೆ ಬಂದು ನಿಲ್ಲುವ ಜಾಗ) ಕೌಂಟರಿನಲ್ಲಿ ಕಂಡಕಂಡ ಪಾತ್ರ ಕೊಳ್ಳಲು ಸುರಿಯುವುದು ಶುದ್ಧ ದಂಡ. ಪ್ರತಿ ಅಧ್ಯಾಯದಲ್ಲೂ ಒಂದು ರೆಡ್ ಬ್ರಿಕ್ ಅಡಗಿದೆ. ಸಿಕ್ಕಿದ ಮಾತ್ರಕ್ಕೆ ಅದರ ಶಕ್ತಿ ನಿಮ್ಮದಾಗುವುದಿಲ್ಲ, ಅಂಗಡಿಯ ಎಕ್ಸ್‌ಟ್ರಾಸ್‌ನಲ್ಲಿ ಕೊಳ್ಳಬೇಕು, ಕೊಂಡ ಮೇಲೆ ಆಟ ತಡೆದಾಗ ಬರುವ ಪಾಸ್ (pause) ಮೆನುವಿನಲ್ಲಿ ಆನ್ ಮಾಡಬೇಕು. ಈ ಕೊನೆಯ ಹೆಜ್ಜೆ ಮರೆತು ನನಗೆ ದೂರು ಹೇಳುವವರ ಲೆಕ್ಕವಿಲ್ಲ. ಮೊದಲು ಮಿನಿಕಿಟ್ ಡಿಟೆಕ್ಟರ್ ತಗೊಳ್ಳಿ, ಬಾಣದ ಗುರುತು ತೋರಿಸಿ ಹುಡುಕಾಟದ ಗೋಳು ತಪ್ಪಿಸುತ್ತದೆ. ಆಮೇಲೆ ಸ್ಕೋರ್ ಗುಣಕಗಳು: 2, 4, 6, 8, 10. ಇವು ಕೂಡಿಕೊಳ್ಳುವುದಿಲ್ಲ, ಒಂದಕ್ಕೊಂದು ಗುಣಿಸಿಕೊಳ್ಳುತ್ತವೆ. ಐದೂ ಆನ್ ಇದ್ದರೆ 3,840 ಪಟ್ಟು. ಒಂದು ಬೆಳ್ಳಿ ಸ್ಟಡ್ಡಿಗೆ 38,400, ಒಂದು ನೇರಳೆಗೆ 3 ಕೋಟಿ 84 ಲಕ್ಷ. ಟ್ರೂ ಜೆಡೈ ಪಟ್ಟಿ ತುಂಬಲು ಒದ್ದಾಡುತ್ತಿದ್ದವರಿಗೆ ಆಮೇಲೆ ನಾಲ್ಕು ಕುರ್ಚಿ ಒಡೆದರೆ ಸಾಕು.

ವಾಹನದ ಹಂತಗಳ ಬಗ್ಗೆ ಒಂದೇ ಮಾತು. ಗುಲಾಬಿ-ನೇರಳೆ ಬಣ್ಣದ ಗುರಿಗೆ ಮಾಮೂಲಿ ಗುಂಡು ತಾಗುವುದಿಲ್ಲ, ಅದೇ ಬಣ್ಣದ ಟಾರ್ಪಿಡೊ ಎತ್ತಿಕೊಂಡು ಬಂದು ಬಿಡಬೇಕು. ಇಲ್ಲೂ ಬಣ್ಣವೇ.

"ಮಕ್ಕಳ ಆಟ ತಾನೇ" ಅನ್ನುವವರಿಗೆ: ಹೌದು, ರಕ್ತ ಇಲ್ಲ, ಸತ್ತವರು ಇಟ್ಟಿಗೆಯಾಗಿ ಚದುರಿ ಮರುಕ್ಷಣ ಎದ್ದು ಬರುತ್ತಾರೆ, ನಾಲ್ಕು ಹೃದಯ ಖಾಲಿಯಾದರೆ ಹೋಗುವುದು ಒಂದಿಷ್ಟು ಸ್ಟಡ್ ಮಾತ್ರ. ಆದರೆ ಮಾತೇ ಇಲ್ಲದೆ ಆರು ಸಿನಿಮಾ ಹೇಳುವುದನ್ನು ಒಮ್ಮೆ ಗಮನಿಸಿ. ಆಗಿನ ಲೆಗೊ ಆಟಗಳಲ್ಲಿ ಸಂಭಾಷಣೆ ಇರಲಿಲ್ಲ, ಎಲ್ಲ ಮೂಕಾಭಿನಯ. ತಾನೇ ಲ್ಯೂಕ್‌ನ ತಂದೆ ಅಂತ ವೇಡರ್ ಹೇಳುವ ಜಾಗದಲ್ಲಿ ಅವನು ಒಂದು ಹಳೆಯ ಫೋಟೋ ತೆಗೆದು ತೋರಿಸುತ್ತಾನೆ. ಓದಲು ಬಾರದ ಮಗುವಿಗೂ ಅರ್ಥವಾಗುತ್ತದೆ, ಸಿನಿಮಾ ಹತ್ತು ಸಲ ನೋಡಿದವರಿಗೆ ನಗು ತಡೆಯುವುದಿಲ್ಲ. 2012ರಿಂದ ಪಾತ್ರಗಳು ಮಾತಾಡತೊಡಗಿದವು. ಆ ವರ್ಷದ ಲೆಗೊ ಲಾರ್ಡ್ ಆಫ್ ದ ರಿಂಗ್ಸ್‌ನಲ್ಲಿ ಸಿನಿಮಾದ ಧ್ವನಿಯನ್ನೇ ಎತ್ತಿ ಹಾಕಿದರು. ನನ್ನನ್ನು ಕೇಳಿದರೆ ಅಲ್ಲಿಂದ ತಮಾಷೆ ಸ್ವಲ್ಪ ಕಮ್ಮಿಯೇ ಆಯಿತು. (ಹಾಗೆಯೇ, 2014ರ ಲೆಗೊ ಹಾಬಿಟ್‌ನಲ್ಲಿ ಎರಡೇ ಸಿನಿಮಾದ ಕಥೆ ಇದೆ. ಮೂರನೆಯ ಸಿನಿಮಾದ ಭಾಗ ಆಟವಾಗಿ ಹೊರಬರಲೇ ಇಲ್ಲ. ಅದೂ ನಿಮ್ಮ ಡಿಸ್ಕಿನ ದೋಷವಲ್ಲ, ದಯವಿಟ್ಟು ಕೇಳಬೇಡಿ.)

ಇಷ್ಟೆಲ್ಲ ಕೇಳುವ ಜನ ಒಂದನ್ನು ಮಾತ್ರ ಕೇಳುವುದಿಲ್ಲ: ಇಬ್ಬರು ಜಗಳವಾಡದೆ ಇದನ್ನು ಆಡುವುದು ಹೇಗೆ? ಆಟ ಕಟ್ಟಿರುವುದೇ ಇಬ್ಬರಿಗಾಗಿ. ಎರಡನೆಯ ಕಂಟ್ರೋಲರಿನಲ್ಲಿ ಸ್ಟಾರ್ಟ್ ಒತ್ತಿದರೆ ಯಾವಾಗ ಬೇಕಾದರೂ ಒಳಗೆ ಬರಬಹುದು, ಬೇಜಾರಾದರೆ ಮೆನುವಿನಿಂದ ಎದ್ದು ಹೋಗಬಹುದು, ಪಾತ್ರವನ್ನು ಕಂಪ್ಯೂಟರ್ ನಡೆಸಿಕೊಳ್ಳುತ್ತದೆ. ಆದರೆ ಕಂಪ್ಲೀಟ್ ಸಾಗಾದಲ್ಲಿ ಇಬ್ಬರಿಗೂ ಒಂದೇ ಪರದೆ. ಮುಂದೆ ಓಡುವವನು ಹಿಂದಿನವನನ್ನು ಅಂಚಿನಿಂದ ಎಳೆದುಕೊಂಡೇ ಹೋಗುತ್ತಾನೆ. ಹಳ್ಳ ದಾಟುವ ಕಡೆ ದೊಡ್ಡವರು ಮೊದಲು ನೆಗೆದು ಓಡಿದರೆ ಚಿಕ್ಕವರು ಪ್ರತಿ ಸಲವೂ ಹಳ್ಳಕ್ಕೆ. ಅಳುವುದು ಆಟ ಕಷ್ಟ ಅಂತಲ್ಲ, ಅದಕ್ಕೆ. ಆದ್ದರಿಂದ ಮುಂದೆ ನಡೆಯುವುದು ಯಾವಾಗಲೂ ನಿಧಾನದವರೇ, ದೊಡ್ಡವರು ಹಿಂದೆ. ನಿಮ್ಮ ಕತ್ತಿ ಜೊತೆಗಾರನಿಗೂ ತಾಗುತ್ತದೆ, ಇಕ್ಕಟ್ಟಾದ ಜಾಗದಲ್ಲಿ ಗುಂಡಿ ಜಜ್ಜಬೇಡಿ. ಸಿ-3ಪಿಒ ಬಂದಾಗ ಮಗುವಿನ ಕೈಗೆ ಕೊಡಬೇಡಿ, ಅವನಿಗೆ ನೆಗೆಯಲು ಬರುವುದಿಲ್ಲ. ಆರ್2-ಡಿ2 ಕೊಡಿ, ಕಂದಕದ ಮೇಲೆ ತೇಲಿಕೊಂಡು ಹೋಗುತ್ತದೆ. ಆಪ್ಶನ್ಸ್‌ನಲ್ಲಿ ಅಡಾಪ್ಟಿವ್ ಡಿಫಿಕಲ್ಟಿ (ಆಡುವವರಿಗೆ ತಕ್ಕಂತೆ ಕಷ್ಟ ಏರಿಳಿಸುವುದು) ಅಂತಿದೆ, ಚಿಕ್ಕವರಿದ್ದರೆ ಆಫ್ ಮಾಡಿ.

ಈ ಎಳೆದಾಟ ಬೇಡವೇ ಬೇಡ ಅಂದರೆ ಪರದೆ ಇಬ್ಭಾಗವಾಗುವ ಆಟ ತಗೊಳ್ಳಿ. ಲೆಗೊ ಸರಣಿಯಲ್ಲಿ ಅದು ಬಂದದ್ದು 2009ರ ಲೆಗೊ ಇಂಡಿಯಾನಾ ಜೋನ್ಸ್ 2ರಲ್ಲಿ: ಇಬ್ಬರೂ ಹತ್ತಿರ ಇದ್ದರೆ ಒಂದೇ ಪರದೆ, ದೂರ ಹೋದರೆ ಎರಡು. 2010ರ ಲೆಗೊ ಹ್ಯಾರಿ ಪಾಟರ್: ಇಯರ್ಸ್ 1–4ರಲ್ಲೂ ಹೀಗೇ. ಅಲ್ಲಿ ಬೀಗಗಳ ಬಣ್ಣ ಬೇರೆ, ನ್ಯಾಯ ಅದೇ: ಬೆಳ್ಳಿ ವಸ್ತುವಿಗೆ ರಿಡಕ್ಟೊ ಮಂತ್ರ ಬೇಕು, ಅದನ್ನು ಕಲಿಸುವುದು ನಾಲ್ಕನೆಯ ವರ್ಷ. ಮೊದಲ ವರ್ಷದಲ್ಲೇ ಬೆಳ್ಳಿ ಬೀರುವಿನ ಮುಂದೆ ನಿಂತು ನನ್ನನ್ನು ಕೇಳಬೇಡಿ.

ಒಂಬತ್ತು ಸಿನಿಮಾ, 45 ಹಂತದ 2022ರ ಸ್ಕೈವಾಕರ್ ಸಾಗಾದಲ್ಲಿ ಇಬ್ಬರು ಆಡುವಾಗ ಪರದೆ ಪೂರ್ತಿ ಹೊತ್ತು ಉದ್ದಕ್ಕೆ ಸೀಳಿಕೊಂಡೇ ಇರುತ್ತದೆ. ಎಳೆದಾಟವಿಲ್ಲ, ಆದರೆ ಸಣ್ಣ ಟಿವಿಯಲ್ಲಿ ಅಕ್ಷರ ಓದಲು ಕಷ್ಟ. ಆನ್‌ಲೈನಿನಲ್ಲಿ ಇಬ್ಬರು ಆಡುವ ವ್ಯವಸ್ಥೆ ಅದರಲ್ಲೂ ಇಲ್ಲ, ಒಂದೇ ಕೋಣೆಯಲ್ಲಿ ಕೂರಬೇಕು. ಪಿಸಿಯಲ್ಲಿ ಸ್ಟೀಮ್ ಇದ್ದರೆ ರಿಮೋಟ್ ಪ್ಲೇ ಟುಗೆದರ್ ಮೂಲಕ ದೂರದವರನ್ನು ಎರಡನೆಯ ಆಟಗಾರರಾಗಿ ಸೇರಿಸಿಕೊಳ್ಳಬಹುದು. ಆಟ ಒಬ್ಬರ ಹತ್ತಿರ ಇದ್ದರೆ ಸಾಕು, ಇನ್ನೊಬ್ಬರು ಕೊಳ್ಳಬೇಕಿಲ್ಲ. ಚಿತ್ರ ತಡೆದು ತಡೆದು ಬಂದರೆ ಮೊದಲು ಆಟ ಇರುವವರ ಕಡೆಯ ಅಪ್‌ಲೋಡ್ ವೇಗ ನೋಡಿ.