ನಾನು ಪಾತ್ರೆ ತೊಳೆದ್ರೆ ಅಮ್ಮಂಗ್ಯಾಕೆ ಕೋಪ?

ಫೆಮಿನಿಸಂ ಬಗ್ಗೆ ಬರೀಬೇಕು ಅಂತ ತುಂಬಾ ದಿನದಿಂದ ಅಂದ್ಕೊಳ್ಳೋದು, ಮುಂದಕ್ಕೆ ಹಾಕೋದು, ಇದೇ ಆಗಿತ್ತು. ಗಂಡಸು ಬರೆದ್ರೆ ಒಂದು ಕಡೆಯವ್ರು "ಬಂದ ನೋಡಪ್ಪ ಹೆಂಡ್ತಿ ಗುಲಾಮ" ಅಂತಾರೆ, ಇನ್ನೊಂದು ಕಡೆಯವ್ರು "ನಿಂಗ್ಯಾಕೆ ಈ ಉಸಾಬರಿ, ನಮ್ಮ ಮಾತು ನಾವೇ ಆಡ್ಕೋತೀವಿ" ಅಂತಾರೆ, ಎರಡನೇದು ಒಂದು ಮಟ್ಟಿಗೆ ನಿಜಾನೇ. ಆದ್ರೆ ಹೋದ ತಿಂಗಳು ಮನೇಲಿ ಒಂದು ಚಿಕ್ಕ ವಿಷ್ಯ ನಡೀತು, ಅದು ತಲೆಯಿಂದ ಹೋಗ್ತಾನೇ ಇಲ್ಲ, ಅದಕ್ಕೇ ಕೂತ್ಕೊಂಡೆ.

ಅವತ್ತು ಅಕ್ಕ, ಭಾವ, ಮಕ್ಕಳು ಎಲ್ಲಾ ಬಂದಿದ್ರು. ಎಂಟು ಜನದ ಊಟ ಮುಗೀತು. ಹೆಂಡ್ತಿಗೆ ಆಫೀಸಿಂದ ಕಾಲ್ ಬಂತು, ರೂಮಿಗೆ ಹೋದ್ಲು. ಸಿಂಕ್ ತುಂಬಾ ಪಾತ್ರೆ. ನಾನು ತೋಳು ಮಡಚ್ಕೊಂಡು ಶುರು ಮಾಡ್ದೆ, ಮೂರು ತಟ್ಟೆ ತೊಳೆದಿದ್ನೋ ಇಲ್ವೋ, ಅಮ್ಮ ಮಂಡಿ ನೋವು ಇಟ್ಕೊಂಡೇ ಹಾಲಿಂದ ದಡದಡ ಬಂದ್ಲು. "ಬಿಡೋ ಅದನ್ನ. ನಾನೇನು ಸತ್ತೋಗಿದೀನಾ?" ಅಂತ ಮೊಣಕೈಲಿ ನನ್ನ ಪಕ್ಕಕ್ಕೆ ತಳ್ಳಿ ಕೈಲಿದ್ದ ಸ್ಕ್ರಬ್ಬರ್ ಕಿತ್ಕೊಂಡ್ಲು. ಆಮೇಲೆ ನಾನು ತೊಳೆದಿಟ್ಟಿದ್ದ ಆ ಮೂರು ತಟ್ಟೇನೂ ವಾಪಸ್ ಸಿಂಕಿಗೆ ಹಾಕ್ಕೊಂಡು ಇನ್ನೊಂದ್ಸಲ ತೊಳೆದ್ಲು! ಸೋಫಾ ಮೇಲಿಂದ ಭಾವ "ಏನ್ರೀ, ಮನೇಲಿ ಫೆಮಿನಿಸಂ ಶುರುವಾಯ್ತಾ" ಅಂತ ನಕ್ಕರು. ಅಮ್ಮ ರಾತ್ರಿವರೆಗೂ ನನ್ ಜೊತೆ ಮಾತಾಡ್ಲಿಲ್ಲ.

(ಅಮ್ಮ ಬಂದ್ಲು, ಭಾವ ನಕ್ಕರು. ಬರೆದಾದ್ಮೇಲೆ ಕಣ್ಣಿಗೆ ಬಿತ್ತು. ಅಪ್ಪಂಗೆ ಯಾವತ್ತೂ "ಬಂದ" ಅಂದಿಲ್ಲ ನಾನು, "ಬಂದ್ರು"ನೇ. ಅಮ್ಮಂದು ಸಲಿಗೆ ಅಂತೀವಿ. ಇರ್ಲಿ, ಮುಂದಕ್ಕೂ ಹಾಗೇ ಬರೀತೀನಿ, ಈಗ ತಟ್ಟಂತ "ಬಂದ್ರು" ಅಂದ್ರೆ ಅವಳಿಗೇ ನಗು ಬರತ್ತೆ.)

ಭಾವ ಕೆಟ್ಟೋರಲ್ಲ. ಮಗಳನ್ನ ಇಂಜಿನಿಯರಿಂಗ್ ಓದಿಸ್ತಿದಾರೆ, ಅವಳಿಗೆ ಸ್ಕೂಟರ್ ಕಲಿಸಿದ್ದೂ ಅವ್ರೇ. ಆದ್ರೆ ಫೆಮಿನಿಸ್ಟ್ ಅನ್ನೋ ಪದ ಕೇಳಿದ್ರೆ ಮುಖ ಕಹಿ ಆಗತ್ತೆ. ಅವರ ತಲೇಲಿರೋ ಫೆಮಿನಿಸ್ಟ್ ಅಂದ್ರೆ ಗಂಡಸ್ರನ್ನ ಕಂಡ್ರೆ ಉರ್ಕೊಳ್ಳೋಳು, ಮದ್ವೆ ಬೇಡ ಅನ್ನೋಳು, ಬ್ರಾ ಸುಡೋಳು. ಈ ಬ್ರಾ ಸುಡೋ ಕಥೆ ಹಿಡ್ಕೊಂಡು ಹೋಗಿ ನೋಡಿದ್ರೆ ಮಜಾ ಇದೆ. 1968ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಅಟ್ಲಾಂಟಿಕ್ ಸಿಟೀಲಿ ಮಿಸ್ ಅಮೆರಿಕ ಸ್ಪರ್ಧೆ ನಡೀವಾಗ ಹೊರಗಡೆ ಒಂದಷ್ಟು ಹೆಂಗಸ್ರು ಪ್ರತಿಭಟನೆ ಮಾಡಿದ್ರು, ಒಂದು ಕಸದ ಡಬ್ಬ ಇಟ್ಟು ಅದಕ್ಕೆ ಹೈ ಹೀಲ್ಸು, ಸುಳ್ಳು ರೆಪ್ಪೆ, ಬ್ರಾ, ನೆಲ ಒರೆಸೋ ಮಾಪು ಎಲ್ಲಾ ಎಸೆದ್ರು. ಬೆಂಕಿ ಹಚ್ಲಿಲ್ಲ, ಸಮುದ್ರದ ಪಕ್ಕ ಮರದ ಹಲಗೆ ಹಾಸಿದ ದಾರಿ ಅದು, ಬೆಂಕಿಗೆ ಅವಕಾಶಾನೇ ಇರ್ಲಿಲ್ಲ. ಆಗ ವಿಯೆಟ್ನಾಂ ಯುದ್ಧದ ವಿರುದ್ಧ ಹುಡುಗ್ರು ಸೈನ್ಯಕ್ಕೆ ಕಡ್ಡಾಯವಾಗಿ ಸೇರಿಸ್ಕೊಳ್ಳೋ ಡ್ರಾಫ್ಟ್ ಕಾರ್ಡ್ ಸುಡ್ತಿದ್ರಲ್ಲ, ಪೇಪರ್‌ನವ್ರು ಅದಕ್ಕೆ ಇದನ್ನ ಹೋಲಿಸಿ ಬರೆದ್ರು, ಅಷ್ಟೇ. ಐವತ್ತು ವರ್ಷ ದಾಟಿದ್ರೂ ಹತ್ತದೇ ಇರೋ ಬೆಂಕಿ ಇನ್ನೂ ಉರೀತಿದೆ. ನಂಗೆ ವಿಚಿತ್ರ ಅನ್ಸೋದು ಆ ಮಾಪು. ಅದೇ ಡಬ್ಬದಲ್ಲೇ ಬಿದ್ದಿತ್ತು, ಅದರ ನೆನಪು ಒಬ್ರಿಗೂ ಇಲ್ಲ.

ಫೆಮಿನಿಸಂ ಅಂದ್ರೆ ಗಂಡಸ್ರ ಮೇಲಿನ ದ್ವೇಷ ಅನ್ನೋದನ್ನ ನಾನೂ ತುಂಬಾ ವರ್ಷ ನಂಬಿದ್ದೆ, ಸುಳ್ಳು ಹೇಳಲ್ಲ. ಅದು ಸಡಿಲ ಆಗಿದ್ದು ಒಂದು ಕೋರ್ಟ್ ಕೇಸ್ ಓದಿ. 1972ರಲ್ಲಿ ಅಮೆರಿಕದಲ್ಲಿ ಒಬ್ಬ ಸ್ಕೂಲ್ ಟೀಚರ್ ಹೆರಿಗೇಲಿ ತೀರ್ಕೊಂಡ್ರು, ಮಗು ಉಳೀತು. ಸಂಬಳ ಜಾಸ್ತಿ ತರ್ತಿದ್ದಿದ್ದು ಅವರೇ, ಸೋಶಿಯಲ್ ಸೆಕ್ಯುರಿಟಿ ಫಂಡಿಗೆ (ದುಡಿಯೋರು ಸತ್ರೆ ಮನೆಯವ್ರಿಗೆ ಹಣ ಕೊಡೋ ಸರ್ಕಾರಿ ನಿಧಿ) ದುಡ್ಡೂ ಕಟ್ಟಿದ್ರು. ಗಂಡ ಕೆಲ್ಸ ಕಮ್ಮಿ ಮಾಡ್ಕೊಂಡು ಮಗು ನೋಡ್ಕೋತೀನಿ ಅಂತ ಸರ್ಕಾರದ ಹತ್ರ ಹೋದ್ರೆ, ಆ ಹಣ ವಿಧವೆ ತಾಯಂದಿರಿಗೆ ಮಾತ್ರ, ನಿಂಗಿಲ್ಲ ಅಂದ್ರು. ಆ ಗಂಡಸಿನ ಪರ ಸುಪ್ರೀಂ ಕೋರ್ಟಲ್ಲಿ ನಿಂತಿದ್ದು ರೂತ್ ಬೇಡರ್ ಗಿನ್ಸ್‌ಬರ್ಗ್, ಆಮೇಲೆ ಅದೇ ಕೋರ್ಟಿನ ಜಡ್ಜ್ ಆದ್ರಲ್ಲ, ಅವರೇ. 1975ರಲ್ಲಿ ಗೆದ್ರು, ಬೆಂಚಿನಲ್ಲಿದ್ದ ಒಬ್ಬರೂ ವಿರೋಧ ಬರೀಲಿಲ್ಲ. ಅವರ ಲೆಕ್ಕ ಬಹಳ ಸರಳ: ದುಡಿಯೋದು ಗಂಡು, ಮಗು ಸಾಕೋದು ಹೆಣ್ಣು ಅಂತ ಕಾನೂನೇ ಮೊದ್ಲೇ ಬರೆದಿಟ್ಬಿಟ್ರೆ ಸತ್ತ ಹೆಂಡ್ತಿ ದುಡಿಮೆಗೂ ಬೆಲೆ ಇಲ್ಲ, ಬದುಕಿರೋ ಗಂಡನ ತಂದೆತನಕ್ಕೂ ಬೆಲೆ ಇಲ್ಲ. ಭಾವಂಗೆ ಇದನ್ನ ಹೇಳ್ದೆ. "ಅದು ಸರಿ ಬಿಡಿ, ಅದು ನ್ಯಾಯ. ಅದು ಫೆಮಿನಿಸಂ ಹೇಗಾಗತ್ತೆ?" ಅಂದ್ರು. ಸರಿ ಕಂಡಿದ್ದಕ್ಕೆಲ್ಲಾ ನ್ಯಾಯ ಅಂತ ಹೆಸ್ರು, ಕಿರಿಕಿರಿ ಆಗಿದ್ದಕ್ಕೆ ಮಾತ್ರ ಫೆಮಿನಿಸಂ ಅಂತ ಹೆಸ್ರು. ಈ ಜಗಳದಲ್ಲಿ ಗೆಲ್ಲೋಕಾಗಲ್ಲ.

"ಈಗೆಲ್ಲಾ ಸಮ ಇದೆಯಲ್ಲಾ, ಇನ್ನೇನ್ ಬೇಕಂತೆ" ಅನ್ನೋದು ಇನ್ನೊಂದು. ಮುಂದುವರಿದ ದೇಶ ಅಂತೀವಲ್ಲ, ಅವುಗಳ ಇಸವಿ ನೋಡಿ. ಫ್ರಾನ್ಸಲ್ಲಿ ಮದ್ವೆಯಾದ ಹೆಂಗಸು ಗಂಡನ ಒಪ್ಪಿಗೆ ಇಲ್ದೆ ಕೆಲ್ಸಕ್ಕೆ ಸೇರೋ, ಬ್ಯಾಂಕ್ ಅಕೌಂಟ್ ತೆಗೆಯೋ ಹಕ್ಕು ಕಾನೂನಿಗೆ ಬಂದಿದ್ದು 1965ರಲ್ಲಿ, ನಮ್ಮಮ್ಮಂಗೆ ಆಗ ಹತ್ತು ವರ್ಷ. ಸ್ವಿಟ್ಜರ್ಲೆಂಡಲ್ಲಿ ರಾಷ್ಟ್ರೀಯ ಚುನಾವಣೇಲಿ ಹೆಂಗಸ್ರಿಗೆ ವೋಟು ಸಿಕ್ಕಿದ್ದು 1971, ಅಲ್ಲೇ ಅಪೆನ್‌ಜೆಲ್ ಇನ್ನರ್‌ರೋಡನ್ ಅನ್ನೋ ಪುಟ್ಟ ಪ್ರಾಂತ್ಯದ ಗಂಡಸ್ರು 1990ರಲ್ಲೂ ಕೈ ಎತ್ತಿ ಬೇಡ ಅಂದ್ರು, ಕೋರ್ಟೇ ಆರ್ಡರ್ ಮಾಡ್ಬೇಕಾಯ್ತು. ಪಶ್ಚಿಮ ಜರ್ಮನೀಲಿ ಮನೆ ಕೆಲ್ಸಕ್ಕೆ ತೊಂದ್ರೆ ಆಗದಿದ್ರೆ ಮಾತ್ರ ಹೆಂಡ್ತಿ ಹೊರಗೆ ದುಡೀಬಹುದು ಅನ್ನೋ ಕಾನೂನು 1977ರವರೆಗೂ ಇತ್ತು. ಇಂಗ್ಲೆಂಡಲ್ಲಿ ಗಂಡ ಬಲವಂತ ಮಾಡಿದ್ರೂ ಅದು ಅತ್ಯಾಚಾರಾನೇ ಅಂತ ಅಲ್ಲಿನ ಅತಿ ದೊಡ್ಡ ಕೋರ್ಟ್ ಹೇಳಿದ್ದು 1991ರಲ್ಲಿ. ಇದ್ಯಾವುದೂ ರಾಜರ ಕಾಲದ್ದಲ್ಲ. ಒಂದೊಂದಕ್ಕೂ ಯಾರೋ ಕೂಗಾಡಿದಾರೆ, ಅವರನ್ನ ಆಗ್ಲೂ ಗಂಡುಬೀರಿ ಅಂತಾನೇ ಕರೆದಿರ್ತಾರೆ.

ಹೆಂಗಸ್ರು ತಮ್ಮ ಪರ ಇರೋ ಕಾನೂನು ಹಿಡ್ಕೊಂಡು ಗಂಡಸ್ರ ಮೇಲೆ ಸುಳ್ಳು ಕೇಸ್ ಹಾಕ್ತಾರೆ ಅಂತಾರಲ್ಲ, ಆ ವಿಷ್ಯ ಒಂದೇ ಮಾತು. ಹಾಕೋರು ಇದಾರೆ, ಇಲ್ಲ ಅನ್ನಲ್ಲ. ಆಸ್ತಿ ವಿಷ್ಯದಲ್ಲಿ ಸುಳ್ಳು ದಾಖಲೆ ಮಾಡೋರೂ ಇದಾರೆ, ಅದಕ್ಕೆ ಆಸ್ತಿ ಕಾನೂನೇ ತೆಗೆದುಬಿಡಿ ಅಂತ ಯಾರೂ ಹೇಳಿದ್ದು ನಾನು ಕೇಳಿಲ್ಲ.

ಆದ್ರೆ ನಂಗೆ ನಿಜವಾಗ್ಲೂ ಬಿಡಿಸಬೇಕಿರೋ ಗಂಟು ಅಮ್ಮಂದು. "ಹೆಣ್ಣಿಗೆ ಹೆಣ್ಣೇ ಶತ್ರು" ಅಂತ ಭಾವ ಅವತ್ತು ಹೊರಡೋವಾಗ ಗಾದೆ ಹೊಡೆದೇ ಹೋದ್ರು. ಹೊರಗಿಂದ ನೋಡಿದ್ರೆ ಹೌದು ಅನ್ಸತ್ತೆ. ಹೆಂಗಸ್ರಿಗೆ ವೋಟು ಬೇಡ ಅಂತ ಬ್ರಿಟನ್ನಲ್ಲಿ 1908ರಲ್ಲಿ ಒಂದು ಸಂಘ ಕಟ್ಟಿದ್ದೇ ಹೆಂಗಸ್ರು. ಅದರ ಮುಂಚೂಣೀಲಿದ್ದ ಮೇರಿ ವಾರ್ಡ್ ಆ ಕಾಲದ ಬಹಳ ಹೆಸರಾಂತ ಕಾದಂಬರಿಗಾರ್ತಿ, ಹುಡುಗೀರು ಆಕ್ಸ್‌ಫರ್ಡಲ್ಲಿ ಓದಲಿ ಅಂತ ಓಡಾಡಿದವರು, ದಡ್ಡಿ ಖಂಡಿತಾ ಅಲ್ಲ. ತಾನು ಬರೆದ ಪುಸ್ತಕಕ್ಕೆಲ್ಲಾ ಮಿಸೆಸ್ ಹಂಫ್ರಿ ವಾರ್ಡ್ ಅಂತ ಗಂಡನ ಹೆಸರೇ ಹಾಕ್ಕೋತಿದ್ರು. ಸ್ವಿಟ್ಜರ್ಲೆಂಡಲ್ಲೂ ಹೀಗೇ, ನಮಗೆ ವೋಟು ಬೇಡ ಅನ್ನೋ ಹೆಂಗಸ್ರ ಸಂಘ ಇತ್ತು. ಮೊದ್ಲು ಇದನ್ನ ಓದಿದಾಗ ಎಂಥಾ ತಲೆಕೆಟ್ಟೋರು ಅಂದ್ಕೊಂಡಿದ್ದೆ. ಸಿಂಕ್ ಮುಂದೆ ಅಮ್ಮನ ಮುಖ ನೋಡಿದ್ಮೇಲೆ ಹಾಗನ್ಸಲ್ಲ.

ಅಮ್ಮ ಆ ಕೆಲ್ಸ ಮಾಡ್ತಿರೋದು ನಲವತ್ತೈದು ವರ್ಷದಿಂದ. ಜ್ವರ ಇದ್ದಾಗ್ಲೂ, ಮಂಡಿ ಹಿಡ್ಕೊಂಡಾಗ್ಲೂ. ಅದಕ್ಕೆ ಸಂಬಳ ಇಲ್ಲ, ರಜೆ ಇಲ್ಲ, ಸಿಕ್ಕಿದ್ದು ಒಂದೇ, "ಇವಳಿಲ್ಲಾಂದ್ರೆ ಮನೆ ನಡೆಯಲ್ಲ" ಅನ್ನೋ ಮಾತು. ಅಂಥಾ ಕೆಲ್ಸಾನ ಮಗ ಮೊಬೈಲಲ್ಲಿ ಹಾಡು ಹಾಕ್ಕೊಂಡು ಹತ್ತು ನಿಮಿಷದಲ್ಲಿ ಮುಗಿಸಿಬಿಟ್ರೆ? ಗಂಡಸ್ರ ಕೈಲೂ ಆಗತ್ತೆ ಅಂತಾದ್ರೆ ಅಪ್ಪನ ಕೈಲೂ ಆಗ್ತಿತ್ತು. ಆಗ್ತಿತ್ತು ಅಂದ್ರೆ ಮಾಡ್ಲಿಲ್ಲ. ಮಾಡ್ಲಿಲ್ಲ ಅಂದ್ರೆ ನಲವತ್ತೈದು ವರ್ಷ ಯಾಕೆ ಮಾಡ್ಲಿಲ್ಲ? ಆ ಲೆಕ್ಕ ಈಗ ತೆಗೆದು ಅಮ್ಮ ಏನ್ ಮಾಡ್ಬೇಕು, ಅಪ್ಪನೂ ಇಲ್ಲ ಉತ್ತರ ಹೇಳೋಕೆ. ತಾನು ಪಟ್ಟ ಪಾಡೆಲ್ಲಾ ಬೇಕಾಗೇ ಇರ್ಲಿಲ್ಲ ಅಂತ ಒಪ್ಕೊಳ್ಳೋದಕ್ಕಿಂತ ಸ್ಕ್ರಬ್ಬರ್ ಕಿತ್ಕೊಳ್ಳೋದು ಸುಲಭ. ನಾನಾಗಿದ್ರೂ ಕಿತ್ಕೋತಿದ್ನೇನೋ. ಫೆಮಿನಿಸಂ ಬೇಡ ಅನ್ನೋರಿಗೆಲ್ಲಾ ವಿಷ್ಯ ಗೊತ್ತಿಲ್ಲ, ತಿಳಿಹೇಳಿದ್ರೆ ಸರಿಹೋಗ್ತಾರೆ ಅಂತ ನಾನು ಅಂದ್ಕೊಂಡಿದ್ದೆ. ಅರ್ಧ ಜನಕ್ಕೆ ಚೆನ್ನಾಗೇ ಗೊತ್ತು. ಅದನ್ನ ಒಪ್ಕೊಂಡ್ರೆ ತೀರಾ ಹತ್ತಿರದವರನ್ನ, ಸತ್ತುಹೋದವರನ್ನ ಕೂಡ, ಕಟಕಟೇಲಿ ನಿಲ್ಲಿಸಬೇಕಾಗತ್ತೆ, ಅದು ಆಗಲ್ಲ.

ಗಂಡಸ್ರದ್ದು ಬೇರೆ, ಅಲ್ಲಿ ಪ್ರೀತಿಗಿಂತ ಅವಮಾನ ಜಾಸ್ತಿ. ನಂದೇ ಹೇಳ್ತೀನಿ. ಕೆಲವು ವರ್ಷದ ಹಿಂದೆ ಒಂದು ಮೀಟಿಂಗಲ್ಲಿ ಒಬ್ಬ ಸಹೋದ್ಯೋಗಿ ಒಂದು ಐಡಿಯಾ ಹೇಳಿದ್ರು, ಯಾರೂ ಕಿವಿಗೆ ಹಾಕ್ಕೊಳ್ಲಿಲ್ಲ. ಹತ್ತು ನಿಮಿಷ ಆದ್ಮೇಲೆ ನಾನು ಅದನ್ನೇ ಬೇರೆ ಮಾತಲ್ಲಿ ಹೇಳ್ದೆ, ಬಾಸ್ "ಗುಡ್ ಪಾಯಿಂಟ್" ಅಂತ ಬೋರ್ಡ್ ಮೇಲೆ ಬರೆದ್ರು. ಲಿಫ್ಟಲ್ಲಿ ಆಕೆ ಜೋರಾಗೇನೂ ಅಲ್ಲ, ನಗ್ತಾನೇ "ಅದು ನಾನ್ ಹೇಳಿದ್ದು ಅಂತ ಗೊತ್ತಿತ್ತು ಅಲ್ವಾ ನಿಮ್ಗೆ?" ಅಂದ್ರು. ಎರಡು ದಿನ ಉರಿದುಹೋದೆ. ನಾನು ಬೇಕೂಂತ ಮಾಡಿದ್ನಾ, ಏನಿವಳದ್ದು, ಎಲ್ಲದಕ್ಕೂ ಹೆಣ್ಣು ಗಂಡು ತರ್ತಾಳೆ ಅಂತೆಲ್ಲಾ ಹೆಂಡ್ತಿ ಹತ್ರ ಕೂಗಾಡ್ದೆ. ಆಕೆ ಹೆಣ್ಣು ಗಂಡು ಅನ್ನೋ ಮಾತೇ ಎತ್ತಿರ್ಲಿಲ್ಲ, ಎತ್ತಿದ್ದು ನಾನೇ. ಬೇಕೂಂತ ಮಾಡಿರ್ಲಿಲ್ಲ ನಿಜ, ಆದ್ರೆ ಬೋರ್ಡ್ ಮೇಲೆ ಬಂದಿದ್ದು ನನ್ ಹೆಸ್ರು. ನೀನು ಒಳ್ಳೇವ್ನಾ ಕೆಟ್ಟೋನಾ ಅಂತ ಯಾರೂ ಕೇಳಿರಲ್ಲ, ನಮ್ ಕಿವಿಗೆ ಮಾತ್ರ ಅದೇ ಕೇಳ್ಸೋದು.

ಜೊತೆಗೆ ಸ್ವಾರ್ಥಾನೂ ಇದೆ, ಅದನ್ನ ಮುಚ್ಚಿಟ್ರೆ ತಪ್ಪಾಗತ್ತೆ. ವೋಟಿನ ಹೋರಾಟ ಜೋರಿದ್ದಾಗ ಬ್ರಿಟನ್ನು ಅಮೆರಿಕದಲ್ಲಿ ಗೇಲಿ ಮಾಡೋ ಪೋಸ್ಟ್‌ಕಾರ್ಡ್ ರಾಶಿ ರಾಶಿ ಮಾರಾಟ ಆಗ್ತಿದ್ವು. ಅದರಲ್ಲಿ ಎಷ್ಟೋ ಚಿತ್ರದಲ್ಲಿ ಮತಪೆಟ್ಟಿಗೆ ಇರಲ್ಲ. ಗಂಡ ಏಪ್ರನ್ ಕಟ್ಕೊಂಡು ಬಟ್ಟೆ ಒಗೀತಿರ್ತಾನೆ, ಮಗು ಕಿರುಚ್ತಿರತ್ತೆ, ಹೆಂಡ್ತಿ ಹ್ಯಾಟ್ ಹಾಕ್ಕೊಂಡು ಹೊರಗೆ ಹೊರಟಿರ್ತಾಳೆ. ಜಗಳ ಪಾರ್ಲಿಮೆಂಟಿಂದು ಅಂತಿದ್ರೂ ಭಯ ಬಕೆಟ್ಟಿಂದು. ಆ ಭಯಕ್ಕೆ ಕಾರಣಾನೂ ಇದೆ, ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2018ರಲ್ಲಿ ಲೆಕ್ಕ ಹಾಕಿದಾಗ ಜಗತ್ತಿನ ಸಂಬಳ ಇಲ್ಲದ ಮನೆಗೆಲಸ, ಆರೈಕೆ ಎಲ್ಲಾ ಸೇರಿ ನಾಲ್ಕರಲ್ಲಿ ಮೂರು ಪಾಲು ಮಾಡ್ತಿದ್ದಿದ್ದು ಹೆಂಗಸ್ರು. ಬಿಟ್ಟಿ ಸಿಗ್ತಿರೋದನ್ನ ಯಾರು ಬಿಡ್ತಾರೆ ಸ್ವಾಮಿ.

ಮನೇಲಿರೋ ಹೆಂಗಸ್ರನ್ನ ಈ ಫೆಮಿನಿಸ್ಟ್‌ಗಳು ಕೀಳಾಗಿ ನೋಡ್ತಾರೆ ಅಂತ ಅಕ್ಕ ಹೇಳ್ತಿರ್ತಾಳೆ. ಅವಳು ಕೆಲ್ಸ ಬಿಟ್ಟು ಮನೆ ನೋಡ್ಕೊಂಡೋಳು, ಹಾಗೆ ನೋಡಿದವರನ್ನ ಕಂಡೂ ಇದಾಳೆ, ಅದಕ್ಕೆ ವಾದ ಮಾಡಲ್ಲ. ಆದ್ರೂ ಮನೆಗೆಲಸಾನೂ ಕೆಲಸಾನೇ, ಅದಕ್ಕೂ ಸಂಬಳ ಕೊಡಿ ಅಂತ 1972ರಲ್ಲಿ ಇಟಲಿಯಿಂದ ಚಳವಳಿ ಶುರು ಮಾಡಿದ್ದು ಇದೇ ಫೆಮಿನಿಸ್ಟ್‌ಗಳು. 1975ರ ಅಕ್ಟೋಬರ್ 24ಕ್ಕೆ ಐಸ್‌ಲ್ಯಾಂಡಲ್ಲಿ ನೂರಕ್ಕೆ ತೊಂಬತ್ತರಷ್ಟು ಹೆಂಗಸ್ರು ಒಂದು ದಿನ ಆಫೀಸೂ ಇಲ್ಲ, ಅಡುಗೇನೂ ಇಲ್ಲ, ಮಕ್ಕಳನ್ನೂ ನೋಡಲ್ಲ ಅಂತ ಕೆಲ್ಸ ನಿಲ್ಲಿಸಿದ್ರು. ಅಪ್ಪಂದಿರು ಮಕ್ಕಳನ್ನ ಎತ್ಕೊಂಡು ಆಫೀಸಿಗೆ ಹೋದ್ರು. ಐದು ವರ್ಷಕ್ಕೆ ಅಲ್ಲಿ ವಿಗ್ದಿಸ್ ಫಿನ್‌ಬೊಗಾದೊತ್ತಿರ್ ಅಧ್ಯಕ್ಷೆ ಆದ್ರು. ಅಕ್ಕಂಗೆ ಇದನ್ನ ಹೇಳಿದ್ರೆ "ಒಂದೇ ದಿನಾನಾ? ನಂಗೆ ಒಂದು ವಾರ ಬೇಕು" ಅಂದ್ಲು, ಪಕ್ಕದಲ್ಲೇ ಇದ್ದ ಭಾವ ಟಿವಿ ಸೌಂಡ್ ಜಾಸ್ತಿ ಮಾಡಿದ್ರು.

ಅಮ್ಮನ ಜೊತೆ ಇದನ್ನೆಲ್ಲಾ ಮಾತಾಡಿಲ್ಲ, ಆಡೋ ಧೈರ್ಯಾನೂ ಇಲ್ಲ. ಈಗ ನಾನು ರಾತ್ರಿ ಅವಳು ಮಲಗಿದ್ಮೇಲೆ ತೊಳೆದು ಬೋರಲು ಹಾಕಿಡ್ತೀನಿ. ಬೆಳಗ್ಗೆ ಎದ್ದು ಎಲ್ಲಾ ತೆಗೆದು ಮತ್ತೆ ತೊಳೀತಾಳೆ, ಒಂದು ಮಾತೂ ಆಡಲ್ಲ. ನಿನ್ನೆ ತಟ್ಟೆ, ಬಾಣಲೆ ಎಲ್ಲಾ ತೊಳೆದಿದ್ಲು, ಲೋಟ ಮಾತ್ರ ನಾನಿಟ್ಟ ಹಾಗೇ ಇತ್ತು.